ಫೋನು ಹೇಳಿದ್ದು ಹದ್ದು, ಕೂಗಿದ್ದು ಭೀಮರಾಜ

ಕೇಳುಗರೆಲ್ಲರಿಗೂ ನಮಸ್ಕಾರ. ಹಕ್ಕಿ ನೋಡೋಕೆ ಹೋಗುವವರ ಕೈಯಲ್ಲಿ ಈಗ ದುರ್ಬೀನಿನ ಜೊತೆ ಫೋನೂ ಇರುತ್ತದೆ. ಅಮೆರಿಕದ ಕಾರ್ನೆಲ್‌ನ ಪಕ್ಷಿ ಸಂಶೋಧಕರು ಮಾಡಿದ ಮರ್ಲಿನ್ ಆ್ಯಪ್‌ಗೆ 2021ರಲ್ಲಿ ದನಿ ಗುರುತಿಸುವುದೂ ಬಂತು. ಬಟನ್ ಒತ್ತಿ ಸುಮ್ನೆ ನಿಂತರೆ ಸಾಕು, ಒಂದೊಂದೇ ಹೆಸರು ಕಾಣಿಸುತ್ತದೆ. ಒಳ್ಳೆಯ ಸಾಧನ, ಅನುಮಾನ ಬೇಡ. ಆದರೆ ಅದು ಹೇಳಿದ ಹೆಸರನ್ನು ಹಾಗ್ಹಾಗೇ ನಿಮ್ಮ ಪಟ್ಟಿಗೆ ಸೇರಿಸಬೇಡಿ ಅಂತ ಕೇಳಿಕೊಳ್ಳೋಕೆ ಬಂದಿದ್ದೇನೆ.

ಆ್ಯಪ್ ಮೊದಲು ದನಿಯನ್ನು ಚಿತ್ರ ಮಾಡಿಕೊಳ್ಳುತ್ತದೆ. ಕೂಗು ಎಷ್ಟು ಕೀಚಲು, ಎಷ್ಟು ಹೊತ್ತು ಅನ್ನೋದೆಲ್ಲ ಅಲ್ಲಿ ಗೆರೆಗಳಾಗಿ ಮೂಡುತ್ತದೆ. ತಾನು ಕಲಿತ ಚಿತ್ರಗಳ ಜೊತೆ ಹೋಲಿಸಿ ಹೆಸರು ಹೇಳುತ್ತದೆ. ಕೂಗಿದವರು ಯಾರು ಅಂತ ಅದಕ್ಕೆ ಕಾಣುವುದಿಲ್ಲ, ಅಲ್ವಾ? ಮಲೆನಾಡಿನ ಭೀಮರಾಜನನ್ನೇ ತೆಗೆದುಕೊಳ್ಳಿ. ಮೈಯೆಲ್ಲ ಕಪ್ಪು, ಬಾಲದಲ್ಲಿ ಎರಡು ಉದ್ದ ತಂತಿ, ತುದಿಯಲ್ಲಿ ಗರಿಯ ಬಿಲ್ಲೆ. ಹದ್ದಿನ ಕೂಗು, ಶಿಕ್ರ ಅನ್ನುವ ಪುಟ್ಟ ಬೇಟೆಹಕ್ಕಿಯ ಕೂಗು, ಪಕ್ಕದ ಮರದ ಪುಟ್ಟ ಹಕ್ಕಿಗಳ ಗಲಾಟೆ, ಎಲ್ಲವನ್ನೂ ಒಂದರ ಹಿಂದೊಂದು ಅನುಕರಿಸುತ್ತದೆ. ಎಲೆಹಕ್ಕಿಯೂ ಈ ವಿದ್ಯೆಯಲ್ಲಿ ಪಳಗಿದ್ದೇ. ಒಂದೇ ಕೊಂಬೆಯ ಕಡೆಯಿಂದ ನಾಲ್ಕೈದು ಜಾತಿ ಕೂಗಿದವು ಅಂತ ಫೋನು ಹೇಳಿದರೆ ಅಲ್ಲಿರುವುದು ಒಂದೇ ಹಕ್ಕಿ ಇರಬಹುದು, ತಲೆ ಎತ್ತಿ ಹುಡುಕಿ.

ಕಣ್ಣಿಗೆ ಬಿದ್ದರೂ ಬಗೆಹರಿಯದ ಜೋಡಿಗಳಿವೆ. ಚಳಿಗಾಲದಲ್ಲಿ ಉತ್ತರದಿಂದ ನಮ್ಮ ಘಟ್ಟಕ್ಕೆ ಬರುವ ಗ್ರೀನಿಶ್ ವಾರ್ಬ್ಲರ್ ಮತ್ತು ಗ್ರೀನ್ ವಾರ್ಬ್ಲರ್ ನೋಡೋಕೆ ಹೆಚ್ಚುಕಮ್ಮಿ ಒಂದೇ. ಎರಡೂ ಎಲೆಗಳ ನಡುವೆ ಒಂದು ಕಡೆ ನಿಲ್ಲದೆ ಹಾರಾಡುವ ಹಸಿರು ಹಕ್ಕಿಗಳು. ವ್ಯತ್ಯಾಸ ಇರುವುದು ಕೂಗಿನಲ್ಲಿ. ಗ್ರೀನಿಶ್ 'ಚಿಸ್‌-ವೀಟ್' ಅಂತ ಎರಡು ತುಂಡಾಗಿ ಕೂಗುತ್ತದೆ, ಗ್ರೀನ್ 'ಚಿ-ಸು-ವೀಟ್' ಅಂತ ಮೂರು ತುಂಡು. ನಡುವಿನ ಆ ಸಣ್ಣ 'ಸು' ಗಾಳಿಯಲ್ಲೋ ತೊರೆಯ ಸದ್ದಿನಲ್ಲೋ ಮುಚ್ಚಿಹೋದರೆ ಆ್ಯಪ್ ತಪ್ಪು ಹೆಸರು ಹೇಳಿಬಿಡಬಹುದು. ಹಾಗಾಗಿ ರೆಕಾರ್ಡಿಂಗ್ ಅಳಿಸಬೇಡಿ. ಮನೆಗೆ ಬಂದು ಇಯರ್‌ಫೋನ್ ಹಾಕಿಕೊಂಡು ಮತ್ತೆ ಕೇಳಿ, ಎಷ್ಟು ತುಂಡು ಅಂತ ನೀವೇ ಎಣಿಸಿ. ಝೀನೋ-ಕ್ಯಾಂಟೋ ತಾಣದಲ್ಲಿ ಎರಡರ ದನಿಯೂ ಪುಕ್ಕಟೆ ಸಿಗುತ್ತದೆ, ಪಕ್ಕದಲ್ಲಿಟ್ಟು ಹೋಲಿಸಿ.

ಇಷ್ಟಾದರೂ ತಿಳಿಯದಿದ್ದರೆ ಊಹಿಸಿ ಒಂದು ಹೆಸರು ಹಾಕಬೇಡಿ, ದಯವಿಟ್ಟು. ಹಕ್ಕಿ ನೋಡಿದವರು ತಮ್ಮ ಪಟ್ಟಿ ಸೇರಿಸುವ ಇ-ಬರ್ಡ್ ತಾಣದ ಪಟ್ಟಿಗಳನ್ನು ಇಟ್ಟುಕೊಂಡೇ ಯಾವ ಹಕ್ಕಿ ಕಮ್ಮಿ ಆಗ್ತಿದೆ ಅಂತ ಲೆಕ್ಕ ಹಾಕುವವರಿದ್ದಾರೆ. ಅಲ್ಲಿ 'ಗ್ರೀನ್ ಅಥವಾ ಗ್ರೀನಿಶ್' ಅಂತ ಎರಡನ್ನೂ ಸೇರಿಸಿ ಬರೆಯೋಕೆ ಬೇರೆಯೇ ಸಾಲಿದೆ. ಅದನ್ನೇ ಆರಿಸಿ, ರೆಕಾರ್ಡಿಂಗನ್ನೂ ಜೊತೆಗೆ ಸೇರಿಸಿ. ಗೊತ್ತಿದ್ದವರು ಮುಂದೆ ಯಾವತ್ತಾದರೂ ಕೇಳಿ ಹೇಳುತ್ತಾರೆ.