ಅಳೆಯುವ ಮೊದಲು ಡೇಟಮ್

ಕೇಳುಗರಿಗೆ ನಮಸ್ಕಾರ. ಮೆಷಿನ್ ಶಾಪ್‌ನಲ್ಲಿ, ಇನ್‌ಸ್ಪೆಕ್ಷನ್ ರೂಮಿನಲ್ಲಿ ಕೆಲಸ ಮಾಡುವವರು, ಈಗಷ್ಟೇ ಸಿಎಂಎಂ ಮುಂದೆ ನಿಂತು ಕಲಿಯುತ್ತಿರುವ ಹುಡುಗ ಹುಡುಗಿಯರು ಕೇಳುತ್ತಿದ್ದೀರಿ ಅಂದುಕೊಂಡೇ ಮಾತಾಡುತ್ತೇನೆ.

ಸಿಎಂಎಂ ಅಂದರೆ ಕೋಆರ್ಡಿನೇಟ್ ಮೆಷರಿಂಗ್ ಮೆಷಿನ್. ಕೆಳಗೆ ಗ್ರಾನೈಟ್ ಟೇಬಲ್. ಮೇಲೆ ಮೂರು ದಿಕ್ಕಿಗೂ ಓಡಾಡುವ ಪ್ರೋಬ್, ಅದರ ತುದಿಯಲ್ಲಿ ಸಣ್ಣ ರೂಬಿ ಗುಂಡು. ಗುಂಡು ತಾಗಿದ ಕೂಡಲೇ ಆ ಜಾಗದ ಎಕ್ಸ್, ವೈ, ಝಡ್ ಸಿಗುತ್ತದೆ. ಆದರೆ ಅದು ಮೆಷಿನ್‌ನ ಎಕ್ಸ್, ವೈ, ಝಡ್. ಪಾರ್ಟ್ ಟೇಬಲ್ ಮೇಲೆ ಸೊಟ್ಟಗಿದೆಯೋ ನೆಟ್ಟಗಿದೆಯೋ ಮೆಷಿನ್‌ಗೆ ಗೊತ್ತಿಲ್ಲ. ಅದನ್ನು ನಾವೇ ತಿಳಿಸಬೇಕು. ಹಾಗೆ ತಿಳಿಸುವುದೇ ಅಲೈನ್‌ಮೆಂಟ್. ಯಾವ ಮುಖದಿಂದ, ಯಾವ ತೂತಿನಿಂದ ಅಳೆಯಬೇಕು ಅಂತ ಡ್ರಾಯಿಂಗ್ ಹೇಳುತ್ತದಲ್ಲ, ಅದು ಡೇಟಮ್. ಇವತ್ತು ನನಗೆ ಹೇಳಬೇಕಾಗಿರುವುದು ಒಂದೇ ಮಾತು. ಡೇಟಮ್ ಡ್ರಾಯಿಂಗ್ ಹೇಳಿದ್ದೇ ಆಗಿರಬೇಕು, ಡ್ರಾಯಿಂಗ್ ಹೇಳಿದ ಸರದಿಯಲ್ಲೇ ಆಗಿರಬೇಕು.

ಸರದಿ ಯಾಕೆ? ಒಂದು ಪೆಟ್ಟಿಗೆಯನ್ನು ಕೋಣೆಯ ಮೂಲೆಗೆ ತಳ್ಳುವುದನ್ನು ನೆನೆಸಿಕೊಳ್ಳಿ. ಮೊದಲು ಅದು ನೆಲದ ಮೇಲೆ ಕೂರುತ್ತದೆ. ನೆಲಕ್ಕೆ ಮೂರು ಕಡೆ ತಾಗಿದರೆ ಸಾಕು, ಆ ಕಡೆ ಈ ಕಡೆ ವಾಲುವುದು ನಿಂತಿತು, ಎತ್ತರವೂ ಗೊತ್ತಾಯಿತು. ಆಮೇಲೆ ಉದ್ದದ ಗೋಡೆಗೆ ಒತ್ತುತ್ತೀರಿ. ಅಲ್ಲಿ ಎರಡು ಕಡೆ ತಾಗಿದರೆ ತಿರುಗುವುದು ನಿಂತಿತು. ಕೊನೆಗೆ ಇನ್ನೊಂದು ಗೋಡೆಯ ಕಡೆಗೆ ಜಾರಿಸುತ್ತೀರಿ, ಅಲ್ಲಿ ಒಂದು ಕಡೆ ತಾಗಿದರೆ ಸಾಕು. ಮೂರು, ಎರಡು, ಒಂದು. ಪೆಟ್ಟಿಗೆ ಇನ್ನು ಅಲ್ಲಾಡುವುದಿಲ್ಲ. ಪೆಟ್ಟಿಗೆಯ ಮೂಲೆ ಸರಿಯಾಗಿ 90 ಡಿಗ್ರಿ ಇಲ್ಲದಿದ್ದರೆ? ಮೊದಲು ಯಾವ ಗೋಡೆಗೆ ಒತ್ತುತ್ತೀರೋ ಅದರ ಪ್ರಕಾರ ಬೇರೆ ಬೇರೆ ಥರ ಕೂರುತ್ತದೆ. ಪೂರ್ತಿ 90 ಡಿಗ್ರಿ ಇರುವ ಪಾರ್ಟನ್ನು ನಾನಂತೂ ನೋಡಿಲ್ಲ.

ಒಂದು ಪ್ರಸಂಗ ಹೇಳುತ್ತೇನೆ. ಅಲ್ಯೂಮಿನಿಯಂ ಬ್ರಾಕೆಟ್, ಅದರ ಉದ್ದಕ್ಕೂ ತೂತುಗಳು. ಕೆಳಗಿನ ಮುಖ ಡೇಟಮ್ ಎ. 300 ಮಿಲಿಮೀಟರ್ ಉದ್ದದ ಪಕ್ಕದ ಮುಖ ಬಿ. 60 ಮಿಲಿಮೀಟರ್ ಅಗಲದ ತುದಿಯ ಮುಖ ಸಿ. ಮಾಡಿದವರ ರಿಪೋರ್ಟ್‌ನಲ್ಲಿ ಎಲ್ಲಾ ಓಕೆ, ಕೊಂಡವರ ರಿಪೋರ್ಟ್‌ನಲ್ಲಿ ರಿಜೆಕ್ಟ್. ಎರಡೂ ಕಡೆ ಒಳ್ಳೆಯ ಸಿಎಂಎಂ, ಎರಡಕ್ಕೂ ಕ್ಯಾಲಿಬ್ರೇಷನ್ ಸರ್ಟಿಫಿಕೇಟ್ ಇದೆ. ನಿಮ್ಮ ಮೆಷಿನ್ ಸರಿಯಿಲ್ಲ ಅಂತ ಇವರು, ನಿಮ್ಮದೇ ಸರಿಯಿಲ್ಲ ಅಂತ ಅವರು. ಪ್ರೋಬ್ ಬದಲಾಯಿಸಿದರು, ಬ್ರಾಕೆಟನ್ನು ಅಲ್ಲಿಂದಿಲ್ಲಿಗೆ ಕಳಿಸಿದರು, ಜಗಳ ಮುಗಿಯಲಿಲ್ಲ.

ನನ್ನನ್ನು ಕರೆದಾಗ ನಾನು ಮೊದಲು ಕೇಳಿದ್ದು ಎರಡೂ ರಿಪೋರ್ಟ್. ಅಕ್ಕಪಕ್ಕ ಇಟ್ಟು ನೋಡಿದೆ. ಸಿ ಮುಖದ ಪಕ್ಕದ ತೂತು ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ನಡುವಿನ ತೂತಿಗೆ ಬಂದರೆ 0.05 ಮಿಲಿಮೀಟರ್ ವ್ಯತ್ಯಾಸ. ಆ ತುದಿಯ ತೂತಿನಲ್ಲಿ 0.1. ದೂರ ಹೋದಷ್ಟೂ ವ್ಯತ್ಯಾಸ ಬೆಳೆಯುತ್ತಿದೆ. ಇದು ಮೆಷಿನ್ ಜಗಳವೇ ಅಲ್ಲ, ಒಂದು ಕಡೆ ಪಾರ್ಟನ್ನು ತಿರುಗಿಸಿ ಓದುತ್ತಿದ್ದಾರೆ ಅಷ್ಟೇ.

ಮಾಡಿದವರ ಪ್ರೋಗ್ರಾಂ ತೆಗೆಸಿದೆ. ಎ ಸರಿಯಾಗಿತ್ತು. ಬಿ ಮುಖದ ಮೇಲೆ ಮಾತ್ರ ಕ್ಲ್ಯಾಂಪ್ ಕೂತಿತ್ತು. ಪ್ರೋಬ್ ತಾಗಿಸಲು ಅಲ್ಲಿ ಒಂದೇ ಕಡೆ ಜಾಗ. ಹಾಗಾಗಿ ಬಿ ಮೇಲೆ ಒಂದು ಬಿಂದು, ಸಿ ಮೇಲೆ ಎರಡು ಬಿಂದು ತೆಗೆದುಕೊಂಡು ಮುಂದೆ ಹೋಗಿದ್ದರು. ಸಾಫ್ಟ್‌ವೇರ್ ತಕರಾರು ಮಾಡಲಿಲ್ಲ, ಅದಕ್ಕೇನು ಗೊತ್ತು? ಸಿ ಮುಖ 60 ಮಿಲಿಮೀಟರ್‌ಗೆ 0.02 ಓರೆ ಇತ್ತು. ಡ್ರಾಯಿಂಗ್ ಪ್ರಕಾರ ಅಷ್ಟು ಓರೆಗೆ ಅವಕಾಶವೂ ಇತ್ತು. ಆದರೆ 60ಕ್ಕೆ 0.02 ಅಂದರೆ 300ಕ್ಕೆ 0.1 ಆಗುತ್ತದೆ. ತೂತು ತನ್ನ ಜಾಗದಿಂದ ಎಷ್ಟು ಸರಿದಿದೆ ಅನ್ನುವುದಕ್ಕೆ ಪೊಸಿಷನ್ ಅನ್ನುತ್ತೇವೆ. ಅದಕ್ಕೆ ವ್ಯಾಸದ ಲೆಕ್ಕ, ಅಂದರೆ 0.1 ಸರಿದರೆ ಪೊಸಿಷನ್ 0.2. ಡ್ರಾಯಿಂಗ್‌ನಲ್ಲಿ ಅವಕಾಶ ಕೊಟ್ಟಿದ್ದು 0.15 ಮಾತ್ರ.

ಕ್ಲ್ಯಾಂಪನ್ನು ಬೇರೆ ಕಡೆ ಹಾಕಿಸಿ, ಬಿ ಮೇಲೆ ಈ ತುದಿಗೊಂದು ಆ ತುದಿಗೊಂದು ಬಿಂದು ತೆಗೆಸಿದೆ. ಅದೇ ಮೆಷಿನ್, ಅದೇ ಪ್ರೋಬ್, ಈಗ ರಿಜೆಕ್ಟ್ ತೋರಿಸಿತು. ಹಾಗಾದರೆ ಮೊದಲು ಓಕೆ ಬಂದದ್ದು ಹೇಗೆ ಅಂತ ಡ್ರಿಲ್ಲಿಂಗ್ ಫಿಕ್ಸ್ಚರ್, ಅಂದರೆ ತೂತು ಕೊರೆಯುವಾಗ ಪಾರ್ಟನ್ನು ಕೂರಿಸಿ ಹಿಡಿಯುವ ಸಾಧನ, ನೋಡಲು ಹೋದೆವು. ಅಲ್ಲೂ ಪಾರ್ಟ್ ಒರಗುವ ಎರಡು ಪಿನ್ ಸಿ ಮುಖಕ್ಕೇ ಇದ್ದವು! ಕೊರೆಯುವಾಗ ಮಾಡಿದ ತಪ್ಪನ್ನೇ ಅಳೆಯುವಾಗಲೂ ಮಾಡಿದರೆ ತಪ್ಪು ಕಾಣುವುದೇ ಇಲ್ಲ. ಪಿನ್‌ಗಳನ್ನು ಬಿ ಕಡೆಗೆ ಬದಲಾಯಿಸಿದ ಮೇಲೆ ಬಂದ ಬ್ರಾಕೆಟ್‌ಗಳು ಎರಡೂ ಕಡೆ ಪಾಸಾದವು. ಇಷ್ಟಕ್ಕೆ ಅಷ್ಟೊಂದು ರಂಪ! ಡ್ರಾಯಿಂಗ್‌ನ ಆ ಚಿಕ್ಕ ಚೌಕದಲ್ಲಿ ಎ, ಬಿ, ಸಿ ಅಂತ ಸಾಲಾಗಿ ಬರೆದಿರುವುದನ್ನು ದಯವಿಟ್ಟು ಓದಿ. ಅದು ಸುಮ್ನೆ ಬರೆದದ್ದಲ್ಲ. ಮೊದಲು ಎ, ಆಮೇಲೆ ಬಿ, ಆಮೇಲೆ ಸಿ.

ಸಮಯ ಕಡಿಮೆ ಇದೆ, ಉಳಿದದ್ದು ಬೇಗ ಹೇಳುತ್ತೇನೆ. ಬಿಂದುಗಳನ್ನು ಒಂದೇ ಕಡೆ ಗುಂಪಾಗಿ ತೆಗೆಯಬೇಡಿ, ಮುಖದ ಉದ್ದಗಲಕ್ಕೂ ಹರಡಿ. ಮೂರು, ಎರಡು, ಒಂದು ಅನ್ನುವುದು ಕನಿಷ್ಠ ಲೆಕ್ಕ, ಜಾಸ್ತಿ ತೆಗೆದರೆ ಒಳ್ಳೆಯದೇ. ಡೇಟಮ್ ಮುಖದ ಮೇಲೆ ಬರ್ (ಅಂಚಿನಲ್ಲಿ ಉಳಿದ ಚೂಪು ಲೋಹ), ಎಣ್ಣೆ, ಚಿಪ್ಸ್ (ಲೋಹದ ಚೂರು) ಇರಬಾರದು. ಅಳತೆಗೆ ಒಪ್ಪಿಕೊಂಡಿರುವ ಉಷ್ಣತೆ 20 ಡಿಗ್ರಿ ಸೆಲ್ಸಿಯಸ್. ಒಂದು ಮೀಟರ್ ಅಲ್ಯೂಮಿನಿಯಂ ಒಂದು ಡಿಗ್ರಿಗೆ ಸುಮಾರು 23 ಮೈಕ್ರಾನ್, ಅಂದರೆ 0.023 ಮಿಲಿಮೀಟರ್ ಬೆಳೆಯುತ್ತದೆ, ಹಾಗಾಗಿ ಮೆಷಿನ್‌ನಿಂದ ಬಿಸಿಬಿಸಿ ತೆಗೆದ ಪಾರ್ಟನ್ನು ಹಾಗೇ ಇಟ್ಟು ಅಳೆಯಬೇಡಿ. ರಿಪೋರ್ಟ್‌ನಲ್ಲಿ ರಿಜೆಕ್ಟ್ ಅಂತ ಕೆಂಪು ಬಂತು ಅಂತ ಬೆಸ್ಟ್ ಫಿಟ್ ಒತ್ತುವವರಿದ್ದಾರೆ, ಅಂದರೆ ಡೇಟಮ್ ಬಿಟ್ಟು ತೂತುಗಳೆಲ್ಲ ಡ್ರಾಯಿಂಗ್‌ಗೆ ಆದಷ್ಟು ಹತ್ತಿರ ಬರುವ ಹಾಗೆ ಸಾಫ್ಟ್‌ವೇರೇ ಕೂರಿಸುವುದು. ಬೆಸ್ಟ್ ಫಿಟ್ ತಪ್ಪನ್ನು ಎಲ್ಲಾ ತೂತುಗಳಿಗೂ ಹಂಚಿ ಚಿಕ್ಕದಾಗಿ ತೋರಿಸುತ್ತದೆ. ಡ್ರಾಯಿಂಗ್‌ನಲ್ಲಿ ಡೇಟಮ್ ಕೊಟ್ಟಿರುವಾಗ ಬೆಸ್ಟ್ ಫಿಟ್ ಮುಟ್ಟಲೇಬೇಡಿ.

ಕೊನೆಯದು. ಜಾಯ್‌ಸ್ಟಿಕ್ ಹಿಡಿದು ಕೈಯಲ್ಲಿ ತೆಗೆದ ಅಲೈನ್‌ಮೆಂಟ್ ಬರೀ ಅಂದಾಜು. ಕೈಯ ವೇಗ, ತಾಗುವ ದಿಕ್ಕು ಪ್ರತಿ ಸಲ ಬೇರೆ. ಅದರ ಆಧಾರದ ಮೇಲೆ ಅದೇ ಎ, ಬಿ, ಸಿ ಮುಖಗಳನ್ನು ಮೆಷಿನ್ನೇ ತಾನಾಗಿ ಇನ್ನೊಮ್ಮೆ ಮುಟ್ಟುವ ಹಾಗೆ ಪ್ರೋಗ್ರಾಂ ಬರೆಯಿರಿ, ಆಮೇಲೆ ತೂತುಗಳನ್ನು ಅಳೆಯಿರಿ. ನಮಸ್ಕಾರ.