ಕೊಕ್ಕಿಗೆ ಸಿಗದ ಹೇನು

ಕೇಳುಗರೇ, ನಮಸ್ಕಾರ.

ಕಿಟಕಿಯ ಸಜ್ಜದ ಮೇಲೆ ಕೂತ ಪಾರಿವಾಳವನ್ನು ಐದು ನಿಮಿಷ ಸುಮ್ನೆ ನೋಡಿ. ಕತ್ತು ತಿರುಗಿಸಿ ಬೆನ್ನಿನ ಪುಕ್ಕದೊಳಗೆ ಕೊಕ್ಕು ತೂರಿಸುತ್ತದೆ. ರೆಕ್ಕೆ ಬಿಚ್ಚಿ ಒಂದೊಂದೇ ಗರಿಯನ್ನು ಬುಡದಿಂದ ತುದಿಯವರೆಗೆ ಕೊಕ್ಕಿನಲ್ಲಿ ಎಳೆಯುತ್ತದೆ. ಸಿಂಗಾರ ಮಾಡಿಕೊಳ್ಳುತ್ತಿದೆ ಅಂದುಕೊಳ್ಳುತ್ತೇವೆ. ಅದು ಸಿಂಗಾರವೂ ಹೌದು, ಹೇನು ಹೆಕ್ಕುವ ಕೆಲಸವೂ ಹೌದು.

ಹೇನು ಅಂದ ಕೂಡಲೇ ಕೈ ತಲೆಗೆ ಹೋಯಿತಾ? ಹೆದರಬೇಡಿ. ನಮ್ಮ ತಲೆಯಲ್ಲಿ ಆಗುವುದು ರಕ್ತ ಹೀರುವ ಹೇನು. ಹಕ್ಕಿಗಳ ಮೈಮೇಲೆ ಇರುವುದೆಲ್ಲ ಅಗಿಯುವ ಹೇನು. ಅದಕ್ಕೆ ಗಟ್ಟಿ ದವಡೆ ಇದೆ, ಆ ದವಡೆಯನ್ನು ಆಡಿಸಲು ಅಗಲವಾದ ತಲೆ ಇದೆ. ಮನುಷ್ಯರ ಮೈಮೇಲೆ ಅದು ಬದುಕಿ ಉಳಿಯುವುದಿಲ್ಲ. ಹಳೆ ಪುಸ್ತಕ ಬಿಚ್ಚಿದಾಗ ಪುಟದ ಮೇಲೆ ಓಡುವ ಬಿಳಿಚಿದ ಸಣ್ಣ ಹುಳ ನೋಡಿದ್ದೀರಲ್ಲ, ಹೇನುಗಳು ಅದರ ದಾಯಾದಿಗಳೇ.

ಇವು ತಿನ್ನುವುದು ಗರಿಯ ನಯವಾದ ಎಳೆಗಳನ್ನು, ಚರ್ಮದ ಹೊಟ್ಟನ್ನು. ಕೆಲವು ಜಾತಿಗಳು ಎಳೆಯ ಗರಿಯ ಬುಡವನ್ನು ಕಡಿದು ಅಲ್ಲಿ ಒಸರುವ ರಕ್ತವನ್ನೂ ಬಿಡುವುದಿಲ್ಲ. ಈ ಊಟ ಇವತ್ತಿನದಲ್ಲ. ಜರ್ಮನಿಯ ಎಕ್‌ಫೆಲ್ಡ್‌ನಲ್ಲಿ ಸಿಕ್ಕ ಹೇನಿನ ಪಳೆಯುಳಿಕೆಗೆ ಸುಮಾರು 4.4 ಕೋಟಿ ವರ್ಷ ವಯಸ್ಸು. ಅದರ ಹೊಟ್ಟೆಯೊಳಗೆ ಗರಿಯ ಚೂರುಗಳು ಹಾಗೇ ಉಳಿದಿದ್ದವು!

ಹೇನಿಗೆ ಹಕ್ಕಿಯ ಮೈಯೇ ಊರು. ಹುಟ್ಟುವುದು, ಬೆಳೆಯುವುದು, ಮೊಟ್ಟೆ ಇಡುವುದು ಎಲ್ಲ ಅಲ್ಲೇ. ಕೆಳಗೆ ಬಿದ್ದರೆ ಕೆಲವೇ ದಿನಗಳಲ್ಲಿ ಸಾಯುತ್ತದೆ. ಆ ಊರಿನಲ್ಲಿ ಅದಕ್ಕಿರುವ ದೊಡ್ಡ ಭಯ ಅಂದರೆ ಕೊಕ್ಕು. ಹೇನಿನ ಆಕಾರ, ಬಣ್ಣ, ಅಡಗುವ ಜಾಗ ಎಲ್ಲವನ್ನೂ ತಿದ್ದಿದ್ದು ಕೊಕ್ಕೇ ಅಂದರೂ ತಪ್ಪಿಲ್ಲ.

ಪಾರಿವಾಳವನ್ನೇ ನೋಡಿ. ಅದರ ಮೇಲೆ ಮುಖ್ಯವಾಗಿ ಎರಡು ಜಾತಿಯ ಹೇನು. ಒಂದು ಉದ್ದಕ್ಕೆ, ಸಪೂರವಾಗಿದೆ. ರೆಕ್ಕೆಯ ದೊಡ್ಡ ಗರಿಯ ಎಳೆಗಳ ನಡುವಿನ ಸಂದಿಯಲ್ಲಿ ಮೈ ತೂರಿಸಿ ಮಲಗಿಬಿಡುತ್ತದೆ. ಇನ್ನೊಂದು ದುಂಡಗೆ, ಗಿಡ್ಡ. ಹೊಟ್ಟೆ ಕಡೆಯ ಮೆತ್ತನೆಯ ಪುಕ್ಕದೊಳಗೆ ಹುದುಗಿಕೊಳ್ಳುತ್ತದೆ. ಒಂದೇ ಮೈ, ಆದರೆ ಕೊಕ್ಕಿನಿಂದ ತಪ್ಪಿಸಿಕೊಳ್ಳುವ ದಾರಿ ಎರಡು.

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಡೇಲ್ ಕ್ಲೇಟನ್, ಸಾರಾ ಬುಷ್ ಮತ್ತು ಜೊತೆಗಾರರು ಇದನ್ನೇ ವರ್ಷಗಟ್ಟಲೆ ಪರೀಕ್ಷಿಸಿದ್ದಾರೆ. ಪಾರಿವಾಳದ ಮೇಲಿನ ಕೊಕ್ಕಿನ ತುದಿ ಕೆಳಗಿನದಕ್ಕಿಂತ ಚೂರು ಮುಂದೆ ಬಾಗಿರುತ್ತದೆ. ಒಂದೆರಡು ಮಿಲಿಮೀಟರ್ ಅಷ್ಟೇ. ಆ ತುದಿಯನ್ನು ಉಜ್ಜಿ ತೆಗೆದರು. ಹಕ್ಕಿ ಎಂದಿನಂತೆ ಕಾಳು ತಿಂದಿತು, ತೊಂದರೆಯಾಗಲಿಲ್ಲ. ಹೇನು ಮಾತ್ರ ವಿಪರೀತ ಹೆಚ್ಚಿತು. ಅಂದರೆ ಆ ಚೂರು ಬಾಗು ಹಕ್ಕಿಯ ಸೀರಣಿಗೆ.

2019ರಲ್ಲಿ ಬಂದ ಅವರ ಇನ್ನೊಂದು ಪ್ರಯೋಗ ನನಗೆ ಜಾಸ್ತಿ ಇಷ್ಟ. ಮಾಮೂಲಿ ಬೂದು ಪಾರಿವಾಳದ ಹೇನುಗಳನ್ನು ಬಿಳಿ, ಕಪ್ಪು ಮತ್ತು ಬೂದು ಪಾರಿವಾಳಗಳ ಮೇಲೆ ಬಿಟ್ಟು ನಾಲ್ಕು ವರ್ಷ ಕಾದರು. ಹೇನಿನ ಲೆಕ್ಕದಲ್ಲಿ ಅದು ಸುಮಾರು 60 ತಲೆಮಾರು. ಬಿಳಿ ಹಕ್ಕಿಯ ಮೇಲಿನವು ತೆಳು ಬಣ್ಣಕ್ಕೆ ತಿರುಗಿದವು, ಕಪ್ಪು ಹಕ್ಕಿಯ ಮೇಲಿನವು ಗಾಢವಾದವು. ಕಣ್ಣಿಗೆ ಬಿದ್ದದ್ದು ಕೊಕ್ಕಿಗೆ ಸಿಕ್ಕಿತು, ಬೀಳದ್ದು ಉಳಿಯಿತು, ಅಷ್ಟೇ ಕಥೆ. ಕೊಕ್ಕು ಸರಿಯಾಗಿ ಆಡಿಸಲು ಆಗದಂತೆ ಮಾಡಿದ್ದ ಹಕ್ಕಿಗಳ ಮೇಲೆ ಈ ಬದಲಾವಣೆ ಕಾಣಲೇ ಇಲ್ಲ.

ಒಂದು ಹಕ್ಕಿಯಿಂದ ಇನ್ನೊಂದಕ್ಕೆ ಹೋಗುವುದು ಹೇಗೆ? ಮರಿಗಳು ಗೂಡಿನಲ್ಲಿ ತಾಯಿಯ ಮೈಗೆ ಅಂಟಿಕೊಂಡಾಗ, ಹಕ್ಕಿಗಳು ಜೋಡಿಯಾದಾಗ ದಾಟುತ್ತವೆ. ಸಪೂರ ಹೇನಿಗೆ ಇನ್ನೊಂದು ಉಪಾಯವೂ ಗೊತ್ತು. ಪಾರಿವಾಳದ ರಕ್ತ ಕುಡಿಯುವ ಒಂದು ನೊಣವಿದೆ. ಅದರ ಕಾಲು ಹಿಡಿದು ಪುಕ್ಕಟೆ ಸವಾರಿ ಮಾಡುತ್ತದೆ! ದುಂಡು ಹೇನಿಗೆ ಆ ಹಿಡಿತ ಸಾಲದು.

ಪ್ರಾಣಿಗಳ ವಿಷಯ ಬೇಗ ಹೇಳಿಬಿಡುತ್ತೇನೆ. ದನ, ಕುರಿ, ಆಡು, ನಾಯಿ, ಬೆಕ್ಕಿಗೂ ಅಗಿಯುವ ಹೇನು ಉಂಟು. ನಾಯಿಯ ಹೇನು ಲಾಡಿಹುಳದ ಮರಿಯನ್ನೂ ಹೊತ್ತಿರುತ್ತದೆ. ಆನೆಯ ಹೇನಂತೂ ವಿಚಿತ್ರ. ದಪ್ಪ ಚರ್ಮ ಕೊರೆಯಲು ಅದಕ್ಕೇ ಒಂದು ಉದ್ದ ಮೂತಿ, ಆ ಮೂತಿಯ ತುದಿಯಲ್ಲಿ ದವಡೆ.

ಹಕ್ಕಿ ಅಳಿದರೆ ಹೇನೂ ಅಳಿಯುತ್ತದೆ. 1980ರ ದಶಕದಲ್ಲಿ ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ಭಾರಿ ರಣಹದ್ದನ್ನು ಉಳಿಸಲು, ಕಾಡಿನಲ್ಲಿದ್ದ ಕೊನೆಯ ಹಕ್ಕಿಗಳನ್ನೆಲ್ಲ ಹಿಡಿದು ತಂದರು. ತಂದವುಗಳಿಗೆ ಹೇನಿನ ಔಷಧಿ ಹಾಕಿದರು. ಹಕ್ಕಿ ಉಳಿಯಿತು. ಅದರ ಮೇಲೆ ಮಾತ್ರ ಇದ್ದ ಒಂದು ಜಾತಿಯ ಹೇನು ಭೂಮಿಯಿಂದಲೇ ಹೋಯಿತು. ಅವಸರವಾಯಿತು ಅನ್ನಿಸುತ್ತದೆ ನನಗೆ. ಹಕ್ಕಿಯನ್ನು ಕಾಪಾಡಲು ಹೊರಟವರಿಗೆ ಹೇನೂ ಒಂದು ಜೀವಜಾತಿ ಅನ್ನುವುದು ಹೊಳೆಯಲೇ ಇಲ್ಲ.

ಇನ್ನು ಕೋಳಿ ಸಾಕುವವರಿಗೆ ಎರಡು ಮಾತು. ಪಂಜರದಲ್ಲಿ ಸಾಕುವ ಮೊಟ್ಟೆ ಕೋಳಿಗಳು ಒಂದನ್ನೊಂದು ಕುಕ್ಕದಿರಲಿ ಎಂದು ಕೊಕ್ಕಿನ ತುದಿ ಕತ್ತರಿಸುತ್ತಾರೆ. ಮಣ್ಣಿನಲ್ಲಿ ಹೊರಳಾಡಿ ಹೇನು ಕಳೆದುಕೊಳ್ಳಲು ಅಲ್ಲಿ ಜಾಗವೂ ಇಲ್ಲ. ಹೇನಿಗೆ ಇನ್ನೇನು ಬೇಕು? ಕೊಕ್ಕು ಕತ್ತರಿಸಿದ ಕೋಳಿಗಳ ಮೇಲೆ ಹೇನು ಜಾಸ್ತಿ ಆಗುವುದನ್ನು ಪ್ರಯೋಗಗಳಲ್ಲೂ ಕಂಡಿದ್ದಾರೆ. ಹಿತ್ತಲಿನ ಕೋಳಿಗೆ ನೆರಳಿನಲ್ಲಿ ಒಣ ಮಣ್ಣಿನ ಗುಂಡಿಯೊಂದು ಇದ್ದರೆ ಅರ್ಧ ಕೆಲಸವನ್ನು ಅದೇ ಮಾಡಿಕೊಳ್ಳುತ್ತದೆ. ನೀವು ವಾರಕ್ಕೊಮ್ಮೆ ಬಾಲದ ಕೆಳಗಿನ ಪುಕ್ಕ ಬಿಡಿಸಿ ನೋಡಿ. ಗರಿಯ ಬುಡದಲ್ಲಿ ಬಿಳಿ ಗಂಟಿನಂತೆ ಸೀರು ಅಂಟಿದ್ದರೆ ಹೇನು ಇದೆ ಅಂತಲೇ ಲೆಕ್ಕ. ಔಷಧಿ ಹಾಕಿದರೆ ಹೇನು ಸಾಯುತ್ತದೆ, ಸೀರು ಸಾಯುವುದಿಲ್ಲ. ಹಾಗಾಗಿ 10ರಿಂದ 14 ದಿನ ಬಿಟ್ಟು ಇನ್ನೊಮ್ಮೆ ಹಾಕಲೇಬೇಕು. ಯಾವ ಔಷಧಿ, ಎಷ್ಟು ಅನ್ನುವುದನ್ನು ಪಶುವೈದ್ಯರನ್ನೇ ಕೇಳಿ. ಮೊಟ್ಟೆ ಮಾರುವವರಂತೂ ಕೇಳದೆ ಹಾಕಬೇಡಿ.

ನಮಸ್ಕಾರ.