ರಾಯಭಾರ ಕಚೇರಿಯ ಬುತ್ತಿಗಂಟು

ನಮಸ್ಕಾರ್ರೀ. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕೆಲಸಕ್ಕೆ ಹೊರಟ ಹುಡುಗನ ಬ್ಯಾಗ್ ಒಮ್ಮೆ ಬಿಚ್ಚಿ ನೋಡಿ. ಖಡಕ್ ರೊಟ್ಟಿ ಇರುತ್ತದೆ, ಶೇಂಗಾ ಚಟ್ನಿಪುಡಿ ಇರುತ್ತದೆ. ಹಾಲು, ತರಕಾರಿ ಮಾತ್ರ ಅಲ್ಲೇ ಕೊಳ್ಳುತ್ತಾನೆ. ಮನೆಯಿಂದ ಏನು ಕಟ್ಟಿಕೊಂಡ, ಹೋದ ಊರಲ್ಲಿ ಏನು ಕೊಂಡ ಅನ್ನೋದನ್ನ ನೋಡಿದ್ರೆ ಸಾಕು, ಯಾವುದರ ಮೇಲೆ ಅವನಿಗೆ ನಂಬಿಕೆ ಅಂತ ಗೊತ್ತಾಗುತ್ತದೆ. ರಾಯಭಾರ ಕಚೇರಿಗಳ ಕಥೆಯೂ ಇದೇ.

ರಾಯಭಾರಿ ಅಂದ್ರೆ ನಮಗೆ ನೆನಪಾಗೋದು ಕೈಕುಲುಕುವ ಫೋಟೋ. ಆದರೆ ಆ ಕಟ್ಟಡದಲ್ಲೂ ಎಸಿ ಕೆಡುತ್ತದೆ, ಜನರೇಟರ್‌ಗೆ ಡೀಸೆಲ್ ಬೇಕಾಗುತ್ತದೆ, ಜಿರಳೆ ಓಡಾಡುತ್ತವೆ. ಅದಕ್ಕೆಲ್ಲ ಟೆಂಡರ್ ಕರೆಯುತ್ತಾರೆ. ನಮ್ಮ ರಾಯಭಾರ ಕಚೇರಿಗಳು ತಮ್ಮ ವೆಬ್‌ಸೈಟಿನಲ್ಲೇ ಟೆಂಡರ್ ಹಾಕುತ್ತವೆ. ಯಾರು ಬೇಕಾದರೂ ಓದಬಹುದು. ನಾನು ಓದುತ್ತೇನೆ. ವಿಚಿತ್ರ ಚಟ, ಗೊತ್ತು. ಮನೆಯವರು ಬೈಯೋದನ್ನೂ ಬಿಟ್ಟಿದ್ದಾರೆ.

ಇವರ ಬುತ್ತಿಗಂಟಿಗೆ ಕಾನೂನಿನ ರಕ್ಷಣೆಯೂ ಇದೆ. 1961ರ ವಿಯೆನ್ನಾ ಒಪ್ಪಂದದ ಪ್ರಕಾರ, ಕಚೇರಿ ಬಳಕೆಗೆ ತರಿಸುವ ಸಾಮಾನಿಗೆ ಆಮದು ಸುಂಕ ಇಲ್ಲ. ಸೀಲ್ ಹಾಕಿದ ರಾಜತಾಂತ್ರಿಕ ಚೀಲವನ್ನು ಆ ದೇಶದವರು ಬಿಚ್ಚುವಂತಿಲ್ಲ. ಅಂದ್ರೆ ಹುಲ್ಲು ಕತ್ತರಿಸುವವರನ್ನ ಆ ಊರಲ್ಲೇ ಹುಡುಕಿಕೊಳ್ಳಿ, ಗುಟ್ಟಿನ ಕಾಗದ ಮನೆಯಿಂದ ತರಿಸಿಕೊಳ್ಳಿ ಅಂತ.

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ? ಮಾಸ್ಕೋದಲ್ಲಿ ಅಮೆರಿಕದವರು ಹೊಸ ರಾಯಭಾರ ಕಚೇರಿ ಕಟ್ಟಿಸುತ್ತಿದ್ದರು. ಗೋಡೆ, ಕಂಬದ ಕಾಂಕ್ರೀಟ್ ಭಾಗಗಳನ್ನು ಸೋವಿಯತ್ ಕಡೆಯವರೇ ಬೇರೆ ಕಡೆ ಎರಕ ಹೊಯ್ದು ತಂದು ಜೋಡಿಸುತ್ತಿದ್ದರು. ನೋಡಿದರೆ ಕಾಂಕ್ರೀಟಿನ ಒಳಗೇ ಕದ್ದು ಕೇಳುವ ಸಾಧನಗಳು! 1985ರಲ್ಲಿ ಕೆಲಸ ನಿಂತಿತು. ಕೊನೆಗೆ ಮೇಲಿನ ಅಂತಸ್ತುಗಳನ್ನು ಕಿತ್ತುಹಾಕಿ, ಅಮೆರಿಕದಿಂದಲೇ ಸಾಮಾನು, ಅಮೆರಿಕದಿಂದಲೇ ಕೆಲಸಗಾರರನ್ನು ತಂದು ಮತ್ತೆ ಕಟ್ಟಿದರು. ಕಟ್ಟಡ ಬಳಕೆಗೆ ಬರುವಷ್ಟರಲ್ಲಿ 2000ನೇ ಇಸವಿ.

ಹಾಗಂತ ತವರಿನಿಂದ ತಂದದ್ದೆಲ್ಲ ಪವಿತ್ರ ಅಂತಲೂ ಇಲ್ಲ. ಮಾಸ್ಕೋದಲ್ಲಿ ಆಗ ಬಳಕೆಯಲ್ಲಿದ್ದ ಅಮೆರಿಕದ ಹಳೇ ಕಚೇರಿ, ಲೆನಿನ್‌ಗ್ರಾಡಿನ ಅವರ ಕಾನ್ಸುಲೇಟ್, ಎರಡೂ ಕಡೆಯ ಐಬಿಎಂ ಟೈಪ್‌ರೈಟರ್‌ಗಳನ್ನು 1984ರಲ್ಲಿ ಬಿಚ್ಚಿ ನೋಡಿದಾಗ 16 ಯಂತ್ರಗಳಲ್ಲಿ ಕಳ್ಳ ಸಾಧನ ಸಿಕ್ಕಿತು. ಯಾವ ಅಕ್ಷರ ಒತ್ತಿದರು ಅನ್ನೋದು ಹೊರಗೆ ಹೋಗುತ್ತಿತ್ತು. ಅಮೆರಿಕದ್ದೇ ಯಂತ್ರ, ಆದರೆ ಕೈಗೆ ಸೇರುವ ಮೊದಲೇ ಯಾರೋ ಬುತ್ತಿಗಂಟು ಬಿಚ್ಚಿ ಕಟ್ಟಿದ್ದರು.

ಇನ್ನು ವೀಸಾ. ನಮ್ಮ ಪಾಸ್‌ಪೋರ್ಟ್, ಬೆರಳಚ್ಚು ತಗೊಳ್ಳೋರು ಎಷ್ಟೋ ಕಡೆ ರಾಯಭಾರ ಕಚೇರಿಯವರೇ ಅಲ್ಲ, ಗುತ್ತಿಗೆ ಕಂಪನಿಯವರು. ವಿಎಫ್ಎಸ್ ಅನ್ನೋ ಅಂಥ ಕಂಪನಿ ಈ ದಂಧೆ ಶುರು ಮಾಡಿದ್ದು 2001ರಲ್ಲಿ, ನಮ್ಮ ಮುಂಬೈಯಲ್ಲೇ. ಕೌಂಟರ್ ಗುತ್ತಿಗೆಗೆ, ಹೌದು-ಇಲ್ಲ ಅನ್ನೋ ಮಾತು ಮಾತ್ರ ಒಳಗಿನವರ ಕೈಯಲ್ಲಿ. ಅಲ್ಲೂ ಅದೇ ಗೆರೆ.

ಈಗ ನಮ್ಮ ದೇಶದ ಬುತ್ತಿಗಂಟಿಗೆ ಬರೋಣ. ಅದರಲ್ಲಿರುವ ಒಂದು ವಸ್ತು ನಮ್ಮ ಹುಬ್ಬಳ್ಳಿಯ ಬೆಂಗೇರಿಯದು. ರಾಷ್ಟ್ರಧ್ವಜ. 1957ರಲ್ಲಿ ಶುರುವಾದ ಕರ್ನಾಟಕ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘ ಇಲ್ಲಿದೆ. ಹೊರದೇಶಗಳ ನಮ್ಮ ರಾಯಭಾರ ಕಚೇರಿಗಳಿಗೂ ಇಲ್ಲಿಂದ ಧ್ವಜ ಹೋಗುತ್ತದೆ. ಒಟ್ಟು ಒಂಬತ್ತು ಅಳತೆ. ದೊಡ್ಡದು 21 ಅಡಿಗೆ 14 ಅಡಿ, ಸಣ್ಣದು ಮೇಜಿನ ಮೇಲಿಡುವ 6 ಇಂಚಿಗೆ 4 ಇಂಚಿನದು. ಇಬ್ಬರು ಅಧಿಕಾರಿಗಳು ಒಪ್ಪಂದಕ್ಕೆ ಸಹಿ ಹಾಕುವ ಫೋಟೋದಲ್ಲಿ ಪೆನ್ನಿನ ಪಕ್ಕ ಕಾಣುತ್ತದಲ್ಲ, ಆ ಅಳತೆ.

ನಾನು ಅಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದ್ದೇನೆ. ಕೆಲಸ ಮಾಡುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಚಕ್ರ ಅಚ್ಚು ಹಾಕುವಾಗ ಯಾರೂ ಮಾತಾಡೋದಿಲ್ಲ. ಬಟ್ಟೆಯ ಎರಡೂ ಬದಿ 24 ಗೆರೆಗಳು ಒಂದರ ಮೇಲೊಂದು ಸರಿಯಾಗಿ ಕೂರಬೇಕು. ಕೂದಲೆಳೆ ಆಚೀಚೆ ಆದರೂ ಬೆಳಕಿಗೆ ಹಿಡಿದಾಗ ಎರಡು ಚಕ್ರ ಕಾಣುತ್ತವೆ. ಆ ತುಂಡು ಪಕ್ಕಕ್ಕೆ. ಬಟ್ಟೆ ಗರಗದಲ್ಲಿ, ತುಳಸಿಗೇರಿಯಲ್ಲಿ ಕೈಮಗ್ಗದಲ್ಲಿ ನೇಯ್ದದ್ದು. ಕೊನೆಗೆ ಹಗ್ಗ ಪೋಣಿಸಿ ಕಟ್ಟಿಗೆಯ ಗೂಟ ಕಟ್ಟುತ್ತಾರೆ.

2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ಬದಲಾಯಿತು. ಪಾಲಿಯೆಸ್ಟರ್ ಧ್ವಜಕ್ಕೂ, ಯಂತ್ರದಲ್ಲಿ ಮಾಡಿದ್ದಕ್ಕೂ ಒಪ್ಪಿಗೆ ಸಿಕ್ಕಿತು. ಮರುವರ್ಷವೇ ಬೆಂಗೇರಿಯ ಸಂಘದವರು ಪ್ರತಿಭಟನೆಗೆ ಇಳಿದರು. ನಮ್ಮ ಮನೆ ಮಾಳಿಗೆ ಮೇಲೆ ಪಾಲಿಯೆಸ್ಟರ್ ಹಾರಿದರೆ ನನಗೇನೂ ತಕರಾರಿಲ್ಲ. ಬಡವನಿಗೂ ಕೈಗೆಟುಕಬೇಕು. ಆದರೆ ರಾಯಭಾರ ಕಚೇರಿಯ ಕಂಬಕ್ಕೆ ಎಲ್-ಒನ್ ಲೆಕ್ಕ ಹಾಕಬಾರದು ಅನ್ನೋದು ನನ್ನ ವಾದ. ಎಲ್-ಒನ್ ಅಂದ್ರೆ ಗೊತ್ತಲ್ಲ, ಕಡಿಮೆ ರೇಟ್ ಬರೆದವನಿಗೆ ಕೆಲಸ. ಒಂದೇ ಅಂಗಡಿಯಿಂದ ಮೂರು ಲೆಟರ್‌ಹೆಡ್ಡಿನಲ್ಲಿ ಮೂರು ಕೊಟೇಶನ್ ಬರೋದನ್ನ ನೋಡಿದವರು ನಾವು. ಆ ವಿದ್ಯೆ ಜಿರಳೆ ಔಷಧಕ್ಕೆ ಇರಲಿ.

ಇನ್ನೊಂದು ಮಾತು, ಖರ್ಚಿನದು. ಹರಿದ, ಮಾಸಿದ ಧ್ವಜ ಹಾರಿಸುವಂತಿಲ್ಲ ಅನ್ನೋದು ನಿಯಮ. ಅಂದ್ರೆ ಗಾಳಿ ಮಳೆ ಜಾಸ್ತಿ ಇರುವ ಊರಿನ ಕಚೇರಿ ಮತ್ತೆ ಮತ್ತೆ ಕೊಳ್ಳಲೇಬೇಕು. ಎಲ್ಲೋ ದೂರದ ಚಳಿಗಾಳಿಗೆ ಒಂದು ಅಂಚು ಬಿಚ್ಚಿಕೊಂಡರೆ ಬೆಂಗೇರಿಯಲ್ಲಿ ಒಬ್ಬ ಅಕ್ಕನಿಗೆ ಒಂದು ದಿನದ ಹೊಲಿಗೆ ಸಿಗುತ್ತದೆ. ಭಾಷಣದಲ್ಲಿ ಬರದ ವಿದೇಶಾಂಗ ನೀತಿ ಇದು, ಅಲ್ವಾ?

ಇದನ್ನ ಹೊರದೇಶದಲ್ಲಿ ಕೂತು ಕೇಳುತ್ತಿರುವ ನಮ್ಮ ಕಡೆಯವರು ಇದ್ದೀರಿ. ಮುಂದಿನ ಸಲ ಪಾಸ್‌ಪೋರ್ಟ್ ಕೆಲಸಕ್ಕೆ ನಮ್ಮ ಕಚೇರಿಗೆ ಹೋದಾಗ ತಲೆ ಎತ್ತಿ ಕಂಬದ ಕಡೆ ನೋಡಿ. ಖಾದಿಯೋ, ಪಾಲಿಯೆಸ್ಟರೋ, ಕಾಮೆಂಟಲ್ಲಿ ಬರೀರಿ.